ಫುಟ್‌ಬಾಲ್ ಅಭಿಮಾನಿಗಳು ಪಂದ್ಯದುದ್ದಕ್ಕೂ ಹಾಡುವುದು ಯಾಕೆ? ಯಾವ ಹಾಡು ಸ್ಟ್ಯಾಂಡಿನಲ್ಲಿ ಉಳಿಯುತ್ತದೆ?

ನೀವು ಕೇಳಿದ್ದು ಮೂರು ವಿಷಯ. ಫುಟ್‌ಬಾಲ್ ನೋಡುವ ಜನ ಪಂದ್ಯ ಮುಗಿಯುವವರೆಗೂ ಹಾಡುತ್ತಲೇ ಇರುತ್ತಾರಲ್ಲ, ಯಾಕೆ? ಟೂರ್ನಿಗೆಂದೇ ದೊಡ್ಡ ಗಾಯಕರು ಮಾಡಿದ ಹಾಡುಗಳು ಬೇಗ ಮರೆತುಹೋಗಿ, ಆಟಕ್ಕೆ ಸಂಬಂಧವೇ ಇಲ್ಲದ ಹಳೇ ಹಾಡುಗಳು ಉಳಿದುಕೊಳ್ಳುವುದು ಹೇಗೆ? ಹೊಸದಾಗಿ ಕೇಳುವವರು ಎಲ್ಲಿಂದ ಶುರು ಮಾಡಬೇಕು? ನನಗೆ ಈ ಆಟವೂ ಬೇಕು, ಹಾಡೂ ಬೇಕು. ಎರಡನ್ನೂ ಬೇರೆ ಬೇರೆಯಾಗಿ ಪ್ರೀತಿಸಲು ನನಗೆ ಬರುವುದೇ ಇಲ್ಲ. ಹಾಗಾಗಿ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಮೊದಲ ಕಾರಣ ಆಟದ ನಿಯಮದಲ್ಲೇ ಇದೆ. ಕ್ರಿಕೆಟ್‌ನಲ್ಲಿ ಪ್ರತಿ ಎಸೆತದ ನಂತರ ಒಂದು ಬಿಡುವು, ಓವರ್ ಮುಗಿದ ಮೇಲೆ ಇನ್ನೂ ದೊಡ್ಡ ಬಿಡುವು. ಆ ಸಂದಿಯಲ್ಲಿ ಡಿಜೆ ಹಾಡು ಹಾಕುತ್ತಾನೆ. ಬ್ಯಾಸ್ಕೆಟ್‌ಬಾಲ್‌ನಲ್ಲಂತೂ ಆಟ ನಡೆಯುವಾಗಲೇ ಸ್ಪೀಕರ್ ಬಡಿಯುತ್ತಿರುತ್ತದೆ. ಫುಟ್‌ಬಾಲ್‌ನಲ್ಲಿ 45 ನಿಮಿಷ ಗಡಿಯಾರ ನಿಲ್ಲುವುದಿಲ್ಲ. ಚೆಂಡು ಗೆರೆ ದಾಟಿದರೂ ಯಾರೋ ಓಡಿಹೋಗಿ ತಂದು ಒಳಗೆ ಎಸೆಯುತ್ತಾರೆ, ಆಟ ಮುಂದುವರಿಯುತ್ತದೆ. ಅಷ್ಟು ಹೊತ್ತೂ ಸ್ಪೀಕರ್ ಬಾಯಿ ಮುಚ್ಚಿಕೊಂಡಿರಬೇಕು. ಗೋಲು ಬೇರೆ ಅಪರೂಪ. ಒಂದೂ ಬಾರದ ಪಂದ್ಯಗಳು ಬೇಕಾದಷ್ಟಿವೆ. ಅಂದರೆ ನೋಡುವವರ ಪಾಲಿಗೆ ಈ ಆಟದ ಹೆಚ್ಚಿನ ಭಾಗ ಕಾಯುವುದೇ. ಆ ಹೊತ್ತನ್ನು ತುಂಬಲು ಯಾರೂ ಬರುವುದಿಲ್ಲ. ಜನ ತಾವೇ ತುಂಬಿಕೊಳ್ಳುತ್ತಾರೆ.

ಮೈದಾನದಲ್ಲಿ ಹಾಡುವುದು ತುಂಬಾ ಹಿಂದಿನಿಂದಲೂ ಇತ್ತು. ಇಂಗ್ಲೆಂಡಿನ ಹಳೇ ಕ್ಲಬ್ ಟೂರ್ನಿಯಾದ ಎಫ್‌ಎ ಕಪ್‌ನ ಫೈನಲ್‌ಗೆ ಮುಂಚೆ 1927ರಿಂದ ಒಂದು ಕ್ರೈಸ್ತ ಪ್ರಾರ್ಥನಾಗೀತೆ ಹಾಡುತ್ತಾರೆ. ಆದರೆ ಸ್ಟ್ಯಾಂಡಿಗೆ ಪಾಪ್ ಸಂಗೀತ ಜೋರಾಗಿ ನುಗ್ಗಿದ್ದು 1960ರ ದಶಕದ ಲಿವರ್‌ಪೂಲ್‌ನಲ್ಲಿ. ಬೀಟಲ್ಸ್ ಹುಟ್ಟಿದ ಊರು ಅದು. ಅಲ್ಲಿನ ಆನ್‌ಫೀಲ್ಡ್ ಮೈದಾನದಲ್ಲಿ ಕಾಪ್ ಅನ್ನುವ ಒಂದು ಸ್ಟ್ಯಾಂಡ್ ಇದೆ. ಆಗ ಅಲ್ಲಿ ಕುರ್ಚಿ ಇರಲಿಲ್ಲ. ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನ ಒತ್ತೊತ್ತಾಗಿ ನಿಲ್ಲುತ್ತಿದ್ದರು. ಪಂದ್ಯಕ್ಕೆ ಮುಂಚೆ ಸ್ಪೀಕರಿನಲ್ಲಿ ಆ ವಾರದ ಹಿಟ್ ಹಾಡುಗಳು ಬರುತ್ತಿದ್ದವು, ಜನ ದನಿಗೂಡಿಸುತ್ತಿದ್ದರು. 1964ರಲ್ಲಿ ಬಿಬಿಸಿ ಅದನ್ನು ಚಿತ್ರೀಕರಿಸಿತು. ಆ ತುಣುಕು ಈಗಲೂ ಸಿಗುತ್ತದೆ, ಹುಡುಕಿ ನೋಡಿ. ಗಂಡಸರು, ಹುಡುಗರು, ಎಲ್ಲರೂ ಬೀಟಲ್ಸ್ ಹಾಡನ್ನು ಪೂರ್ತಿ ಬಾಯಿಪಾಠ ಹಾಡುತ್ತಾರೆ. ಮುಂದೆ ಹಾಡುಗಾರನಿಲ್ಲ, ವಾದ್ಯವಿಲ್ಲ.

ಆ ಕಾಲದ ಹಿಟ್‌ಗಳಲ್ಲಿ ಒಂದು ಮಾತ್ರ ಅಲ್ಲೇ ಬೇರು ಬಿಟ್ಟಿತು. 'ಯು ವಿಲ್ ನೆವರ್ ವಾಕ್ ಅಲೋನ್', ಅಂದರೆ ನೀನು ಎಂದೂ ಒಂಟಿಯಾಗಿ ನಡೆಯುವುದಿಲ್ಲ. ಅದು ಲಿವರ್‌ಪೂಲಿನದ್ದೂ ಅಲ್ಲ, ಫುಟ್‌ಬಾಲಿನದ್ದೂ ಅಲ್ಲ. 1945ರಲ್ಲಿ ಅಮೆರಿಕದ ಬ್ರಾಡ್‌ವೇಯಲ್ಲಿ ಬಂದ ಒಂದು ಸಂಗೀತ ನಾಟಕದ ಹಾಡು. ಗಂಡ ಸತ್ತುಹೋದ ಹೆಣ್ಣಿಗೆ ಹತ್ತಿರದವಳೊಬ್ಬಳು ಧೈರ್ಯ ಹೇಳುವ ಸಂದರ್ಭ. 1963ರಲ್ಲಿ ಲಿವರ್‌ಪೂಲಿನ ಗೆರ್ರಿ ಆಂಡ್ ದ ಪೇಸ್‌ಮೇಕರ್ಸ್ ಅನ್ನುವ ಹುಡುಗರ ತಂಡ ಅದನ್ನು ಮತ್ತೆ ಹಾಡಿತು, ಬ್ರಿಟನ್‌ನಲ್ಲಿ ನಂಬರ್ ಒನ್ ಆಯಿತು. ಹಿಟ್ ಹಾಡುಗಳ ಪಟ್ಟಿಯಿಂದ ಇಳಿದ ಮೇಲೂ ಜನ ಹಾಡುವುದನ್ನು ಬಿಡಲಿಲ್ಲ. ಈಗ ಆ ಸಾಲು ಲಿವರ್‌ಪೂಲ್ ಕ್ಲಬ್ಬಿನ ಲಾಂಛನದ ಮೇಲೇ ಇದೆ.

ಈ ಹಾಡು ಏನು ಮಾಡುತ್ತದೆ ಅಂತ ನನಗೆ ಸರಿಯಾಗಿ ಗೊತ್ತಾಗಿದ್ದು 2005ರ ಮೇ 25ರಂದು. ಇಸ್ತಾಂಬುಲ್‌ನಲ್ಲಿ ಯುರೋಪಿನ ಕ್ಲಬ್‌ಗಳ ದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನ ಫೈನಲ್. ಲಿವರ್‌ಪೂಲ್ ಎದುರು ಇಟಲಿಯ ಎಸಿ ಮಿಲಾನ್. ಮೊದಲ ನಿಮಿಷದಲ್ಲೇ ಮಾಲ್ದೀನಿ ಗೋಲು ಹೊಡೆದ. ಕ್ರೆಸ್ಪೊ ಇನ್ನೆರಡು ಹಾಕಿದ. ಹಾಫ್‌ಟೈಮ್‌ಗೆ 3-0. ಕಾಕಾ, ಪಿರ್ಲೊ, ಶೆವ್ಚೆಂಕೊ ಇದ್ದ ತಂಡದ ಎದುರು ಮೂರು ಗೋಲು ಹಿಂದಿರುವುದು ಅಂದರೆ ಕಥೆ ಮುಗಿದಂತೆಯೇ. ಆಟಗಾರರು ಒಳಗೆ ಹೋದರು. ಮೈದಾನ ಖಾಲಿ. ಆಗ ಲಿವರ್‌ಪೂಲ್ ಕಡೆಯವರು ಹಾಡಲು ಶುರು ಮಾಡಿದರು. ಅದು ಗೆಲುವಿನ ಗದ್ದಲ ಅಲ್ಲ. ನಿಧಾನವಾಗಿ, ತೂಕವಾಗಿ, ಸಾವಿರಾರು ಜನ ಒಟ್ಟಿಗೆ. ಟಿವಿಯ ಮುಂದೆ ಕೂತಿದ್ದ ನನಗೆ ಎದೆ ಬಿಗಿಯಿತು. ಗೆದ್ದಾಗ ಯಾರು ಬೇಕಾದರೂ ಹಾಡುತ್ತಾರೆ. ಇವರು ಹಾಡುತ್ತಿದ್ದುದು ನೀವು ಸೋತರೂ ನಾವು ಎದ್ದು ಹೋಗುವುದಿಲ್ಲ ಅಂತ ತಿಳಿಸಲಿಕ್ಕೆ. ಆಮೇಲೆ ಏನಾಯಿತು ಅಂತ ಫುಟ್‌ಬಾಲ್ ನೋಡುವ ಎಲ್ಲರಿಗೂ ಗೊತ್ತು. ಆರು ನಿಮಿಷದಲ್ಲಿ ಮೂರು ಗೋಲು: ಜೆರಾರ್ಡ್, ಸ್ಮಿತ್ಸರ್, ಅಲೊನ್ಸೊ. ಕೊನೆಗೆ ಪೆನಾಲ್ಟಿ ಶೂಟೌಟ್‌ನಲ್ಲಿ ಕಪ್ ಲಿವರ್‌ಪೂಲಿಗೆ. ಹಾಡಿನಿಂದಲೇ ಗೋಲು ಬಂತು ಅಂತ ನಾನು ಹೇಳುವುದಿಲ್ಲ. ಹಾಫ್‌ಟೈಮ್‌ನಲ್ಲಿ ತಂಡದಲ್ಲಿ ಮಾಡಿದ ಬದಲಾವಣೆ ದೊಡ್ಡ ಕಾರಣ. ಆದರೆ ಅವತ್ತು ಸೋತಿದ್ದರೂ ಆ ಹಾಫ್‌ಟೈಮ್ ನನಗೆ ನೆನಪಿರುತ್ತಿತ್ತು.

ಇದೇ ಹಾಡಿಗೆ ಇದಕ್ಕಿಂತ ಭಾರವಾದ ನೆನಪೂ ಅಂಟಿಕೊಂಡಿದೆ. 1989ರ ಏಪ್ರಿಲ್ 15ರಂದು ಹಿಲ್ಸ್‌ಬರೋ ಮೈದಾನದಲ್ಲಿ ನೂಕುನುಗ್ಗಲಿಗೆ ಸಿಕ್ಕಿದ ಲಿವರ್‌ಪೂಲ್ ಅಭಿಮಾನಿಗಳಲ್ಲಿ 97 ಜನ ಸತ್ತರು. ಆಮೇಲೆ ಎಷ್ಟೋ ವರ್ಷ ನ್ಯಾಯಕ್ಕಾಗಿ ಹೋರಾಡಿದ ಕುಟುಂಬಗಳು ಸೇರಿದಾಗಲೆಲ್ಲ ಈ ಹಾಡೇ ಬಂತು. ನಾಟಕದಲ್ಲಿ ಅದು ಯಾವ ಕೆಲಸಕ್ಕೆ ಹುಟ್ಟಿತ್ತೋ ಇಲ್ಲೂ ಅದೇ ಕೆಲಸ ಮಾಡಿತು.

ಈಗ ನಿಮ್ಮ ಎರಡನೇ ಪ್ರಶ್ನೆ. ಯಾವ ಹಾಡು ಉಳಿಯುತ್ತದೆ? ಇದರಲ್ಲಿ ಒಂದು ಭಾಗ ಬರೀ ಶಬ್ದದ ಲೆಕ್ಕ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಮೈದಾನದ ಉದ್ದವೇ ನೂರು ಮೀಟರಿಗೂ ಜಾಸ್ತಿ. ಆಚೆ ತುದಿಯವರ ದನಿ ಈಚೆ ತುದಿಗೆ ಮುಟ್ಟುವಾಗ ಒಂದು ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತಡವಾಗಿರುತ್ತದೆ. ವೇಗದ ಹಾಡಾದರೆ ಪೂರ್ತಿ ಕಲಸಿಹೋಗುತ್ತದೆ. ನಿಧಾನದ ಹಾಡು, ಎಳೆದು ಹಾಡಬಹುದಾದ ಸ್ವರ, ಎಲ್ಲರ ಗಂಟಲಿಗೂ ಎಟಕುವ ಶ್ರುತಿ ಇದ್ದರೆ ಮಾತ್ರ ಸ್ಟೇಡಿಯಂ ಒಟ್ಟಿಗೆ ಹಾಡಬಹುದು. ಸ್ಟುಡಿಯೋದಲ್ಲಿ ಹದಿನಾರು ಟ್ರ್ಯಾಕ್ ಜೋಡಿಸಿ ಮಾಡಿದ ಹಾಡಿನಿಂದ ತಾಳವಾದ್ಯ, ಕೀಬೋರ್ಡ್ ಎಲ್ಲ ತೆಗೆದುಬಿಡಿ. ಏನು ಉಳಿಯುತ್ತದೋ ಅಷ್ಟೇ ಜನರ ಕೈಗೆ ಸಿಗುವುದು. ಬಹಳಷ್ಟು ಟೂರ್ನಿ ಹಾಡುಗಳಲ್ಲಿ ಏನೂ ಉಳಿಯುವುದಿಲ್ಲ.

ಇದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ದ ವೈಟ್ ಸ್ಟ್ರೈಪ್ಸ್ ತಂಡದ 'ಸೆವೆನ್ ನೇಶನ್ ಆರ್ಮಿ'. 2003ರ ಹಾಡು. ಅದರ ಶುರುವಿನಲ್ಲಿ ಏಳೇ ಸ್ವರದ ಒಂದು ಗಿಟಾರ್ ತುಣುಕಿದೆ. ಆ ವರ್ಷ ಅಕ್ಟೋಬರಿನಲ್ಲಿ ಬೆಲ್ಜಿಯಂನ ಕ್ಲಬ್ ಬ್ರೂಗ್ ತಂಡದ ಅಭಿಮಾನಿಗಳು ಪಂದ್ಯಕ್ಕೆಂದು ಮಿಲಾನ್‌ಗೆ ಹೋಗಿದ್ದರು. ಅಲ್ಲಿನ ಒಂದು ಬಾರ್‌ನಲ್ಲಿ ಈ ಹಾಡು ಕೇಳಿಸಿತು. ಅದನ್ನೇ ಹಾಡುತ್ತಾ ಸ್ಟೇಡಿಯಂಗೆ ಹೋದರು. ಯಾರೂ ನಿರೀಕ್ಷಿಸದ ಹಾಗೆ ಬ್ರೂಗ್ 1-0 ಗೆದ್ದಿತು. ಹಾಡು ಅವರದಾಯಿತು. 2006ರ ಫೆಬ್ರವರಿಯಲ್ಲಿ ರೋಮಾ ತಂಡ ಬ್ರೂಗ್‌ಗೆ ಆಡಲು ಹೋದಾಗ ಇಟಲಿಯವರು ಅದನ್ನು ಅಲ್ಲಿಂದ ಎತ್ತಿಕೊಂಡು ಬಂದರು. ಅದೇ ಬೇಸಿಗೆಯಲ್ಲಿ ಇಟಲಿ ವಿಶ್ವಕಪ್ ಗೆದ್ದಿತು. ಇಡೀ ದೇಶ 'ಪೋ ಪೋ ಪೋ' ಅಂತ ಅದನ್ನೇ ಹಾಡಿತು. ಯಾರೂ ಪ್ರಚಾರ ಮಾಡಲಿಲ್ಲ, ಯಾವ ಒಪ್ಪಂದಕ್ಕೂ ಸಹಿ ಹಾಕಲಿಲ್ಲ. ಪದವೇ ಇಲ್ಲದ್ದರಿಂದ ಭಾಷೆಯ ತೊಂದರೆಯೂ ಇರಲಿಲ್ಲ. ಹಾಡು ಬಾಯಿಂದ ಬಾಯಿಗೆ ಹೋಗುವುದು ಜಾನಪದದ ಕಾಲಕ್ಕೇ ಮುಗಿಯಿತು ಅನ್ನುವವರಿಗೆ ನಾನು ಇದನ್ನೇ ತೋರಿಸುತ್ತೇನೆ.

ಹಾಗಂತ ಟೂರ್ನಿಗೆಂದು ಮಾಡಿದ್ದೆಲ್ಲ ಸತ್ತುಹೋಗುತ್ತದೆ ಅಂತಲ್ಲ. 2010ರ ದಕ್ಷಿಣ ಆಫ್ರಿಕಾ ವಿಶ್ವಕಪ್‌ನಲ್ಲಿ ಶಕೀರಾ ಹಾಡಿದ 'ವಾಕಾ ವಾಕಾ' ಎಲ್ಲರಿಗೂ ಗೊತ್ತಿದೆ ಅಲ್ವಾ? ಅದರ ಪಲ್ಲವಿ ಬಂದಿದ್ದು ಕ್ಯಾಮರೂನಿನಿಂದ. ಅಲ್ಲಿನ ಗೋಲ್ಡನ್ ಸೌಂಡ್ಸ್ ತಂಡ 1986ರಲ್ಲಿ ಹೊರತಂದ ಹಾಡಿನಲ್ಲಿ ಅದಿತ್ತು, ಅದರ ಹಿಂದೆ ಇದ್ದದ್ದು ಸೈನಿಕರು ಕೂಡಿ ಹಾಡುತ್ತಿದ್ದ ಸಾಲು. ಗುಂಪಿನ ಬಾಯಲ್ಲೇ ಬೆಳೆದದ್ದು ಮತ್ತೆ ಗುಂಪಿನ ಬಾಯಿಗೇ ಬಂತು.

ಇಂಗ್ಲೆಂಡಿನ 'ತ್ರೀ ಲಯನ್ಸ್' ಇನ್ನೂ ಸ್ವಾರಸ್ಯ. 1996ರ ಯೂರೋ ಕಪ್‌ಗೆಂದು ಅಲ್ಲಿನ ಫುಟ್‌ಬಾಲ್ ಸಂಸ್ಥೆಯೇ ಮಾಡಿಸಿದ ಹಾಡು. ಇಬ್ಬರು ಹಾಸ್ಯ ಕಲಾವಿದರು ಮತ್ತು ಲೈಟ್ನಿಂಗ್ ಸೀಡ್ಸ್ ತಂಡ ಸೇರಿ ಮಾಡಿದರು. ಆದರೆ ಅವರು ನಾವು ಗೆಲ್ಲುತ್ತೇವೆ ಅಂತ ಬರೆಯಲಿಲ್ಲ. 1966ರ ವಿಶ್ವಕಪ್ ಆದ ಮೇಲೆ ಮೂವತ್ತು ವರ್ಷ ಏನೂ ಗೆಲ್ಲದ ನೋವನ್ನು ಬರೆದರು. ಆಸೆ ಮಾತ್ರ ಬಿಟ್ಟಿಲ್ಲ ಅಂದರು. ಆ ವರ್ಷವೂ ಸೆಮಿಫೈನಲ್‌ನಲ್ಲಿ ಜರ್ಮನಿ ಎದುರು ಪೆನಾಲ್ಟಿಯಲ್ಲಿ ಸೋತರು. ಹಾಡು ಸಾಯಲಿಲ್ಲ, ಮತ್ತಷ್ಟು ನಿಜವಾಯಿತು. 2018ರ ವಿಶ್ವಕಪ್ ಹೊತ್ತಿಗೆ ಮತ್ತೆ ನಂಬರ್ ಒನ್‌ಗೆ ಬಂತು. ಕೊನೆಗೆ 2022ರ ಜುಲೈ 31ರಂದು ಇಂಗ್ಲೆಂಡಿನ ಮಹಿಳಾ ತಂಡ ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಅದೇ ಜರ್ಮನಿಯನ್ನು 2-1ರಿಂದ ಸೋಲಿಸಿ ಯೂರೋ ಕಪ್ ಎತ್ತಿತು. ತರಬೇತುದಾರೆ ಪತ್ರಕರ್ತರ ಜೊತೆ ಮಾತಾಡುತ್ತಿದ್ದಾಗ ಆಟಗಾರ್ತಿಯರು ಈ ಹಾಡನ್ನು ಹಾಡುತ್ತಾ ಒಳಗೆ ನುಗ್ಗಿದರು. ಒಬ್ಬಳು ಮೇಜು ಹತ್ತಿ ಕುಣಿದಳು. ಗಂಡಸರ ತಂಡ ಅಷ್ಟು ವರ್ಷ ಹೊತ್ತು ತಿರುಗಿದ ಹಾಡನ್ನು ನಿಜ ಮಾಡಿದ್ದು ಇವರು. ನನಗೆ ಅವತ್ತು ಆದ ಖುಷಿ ಹೇಳತೀರದು.

ಅರ್ಜೆಂಟೀನಾದವರ 'ಮುಚಾಚೋಸ್' ಕೂಡ ಇದೇ ಜಾತಿಯದು. ಮೂಲದಲ್ಲಿ ಅದು ಲಾ ಮೋಸ್ಕಾ ತಂಡದ 2003ರ ಹಾಡು, ಪ್ರೀತಿಯಲ್ಲಿ ನೊಂದವನು ಕುಡಿಯುವ ಹಾಡು. ಒಬ್ಬ ಅಭಿಮಾನಿ ಅದೇ ರಾಗಕ್ಕೆ ಹೊಸ ಸಾಹಿತ್ಯ ಕಟ್ಟಿದ. ಮರಡೋನ, ಮೆಸ್ಸಿ, ಬ್ರಿಟನ್ ಜೊತೆಗಿನ ಮಾಲ್ವಿನಾಸ್ (ಫಾಕ್‌ಲ್ಯಾಂಡ್) ದ್ವೀಪಗಳ ಯುದ್ಧದಲ್ಲಿ ಸತ್ತ ಹುಡುಗರು, ಸೋತ ಫೈನಲ್‌ಗಳು, ಎಲ್ಲ ಅದರೊಳಗಿದೆ. 2022ರ ಡಿಸೆಂಬರಿನಲ್ಲಿ ಕತಾರ್‌ನಲ್ಲಿ ಅವರು ವಿಶ್ವಕಪ್ ಗೆದ್ದಾಗ ಆಟಗಾರರೂ ಇದನ್ನೇ ಹಾಡಿದರು. ಆ ವಿಶ್ವಕಪ್‌ಗೆಂದು ಅಧಿಕೃತವಾಗಿ ಮಾಡಿದ ಹಾಡುಗಳು ಬೇರೆ ಇದ್ದವು. ಅವುಗಳಲ್ಲಿ ಎಷ್ಟು ನಿಮಗೆ ನೆನಪಿದೆ?

ಹೇಳಬೇಕಾದ ಕಹಿ ಮಾತೂ ಒಂದಿದೆ. ಇದೇ ಸ್ಟ್ಯಾಂಡುಗಳಿಂದ ಕೊಳಕು ಹಾಡುಗಳೂ ಬರುತ್ತವೆ. ಚರ್ಮದ ಬಣ್ಣದ ಮೇಲೆ ಬೈಗುಳ. ಹಿಲ್ಸ್‌ಬರೋದಲ್ಲಿ ಸತ್ತವರ ಬಗ್ಗೆ, 1958ರ ಮ್ಯೂನಿಕ್ ವಿಮಾನ ದುರಂತದಲ್ಲಿ ಸತ್ತ ಮ್ಯಾಂಚೆಸ್ಟರ್ ಯುನೈಟೆಡ್ ಆಟಗಾರರ ಬಗ್ಗೆ ಗೇಲಿ. ಇಂಗ್ಲೆಂಡಿನಲ್ಲಿ ಈಗ ಇದಕ್ಕೆ ಕೇಸು ಬೀಳುತ್ತದೆ, ಬೀಳಲೇಬೇಕು. ಪೈಪೋಟಿ ಅಂತ ಇದನ್ನು ಸಮರ್ಥಿಸುವವರ ಜೊತೆ ನನಗೆ ಮಾತೇ ಬೇಡ.

2020ರಲ್ಲಿ ಕೋವಿಡ್ ಕಾಲದಲ್ಲಿ ಖಾಲಿ ಸ್ಟೇಡಿಯಂನಲ್ಲಿ ಆಟ ನಡೆಯಿತಲ್ಲ, ಆಗ ಟಿವಿಯವರು ವಿಡಿಯೋ ಗೇಮ್‌ಗೆ ಇಟ್ಟುಕೊಂಡಿದ್ದ ಜನರ ಸದ್ದನ್ನು ತಂದು ಸೇರಿಸಿದರು. ನಾನು ಅದನ್ನು ಬೇಡ ಅಂತ ಆರಿಸಿಕೊಂಡು, ಚೆಂಡಿಗೆ ಕಾಲು ತಾಗುವ ಸದ್ದು, ಗೋಲ್‌ಕೀಪರ್ ಕೂಗುವ ಸದ್ದು ಕೇಳುತ್ತಾ ನೋಡಿದೆ. ಆಟ ಚೆನ್ನಾಗಿಯೇ ಇತ್ತು. ಆದರೆ ಗೋಲು ಬಂದಾಗ ಅದು ಯಾರಿಗಾಗಿ ಬಂತು ಅಂತ ತಿಳಿಯುತ್ತಿರಲಿಲ್ಲ.

ಹಾಡುಗಾರರಿಗೆ ಈ ಸದ್ದು ಹೇಗೆ ಕೇಳಿಸುತ್ತದೆ ಅನ್ನುವುದಕ್ಕೆ ಇಂಗ್ಲೆಂಡಿನ ಪಾಪ್ ಗಾಯಕ ಎಲ್ಟನ್ ಜಾನ್ ಸಾಕು. 1976ರಲ್ಲಿ ಆತ ವಾಟ್‌ಫರ್ಡ್ ಕ್ಲಬ್ಬಿನ ಅಧ್ಯಕ್ಷನಾದಾಗ ಅದು ನಾಲ್ಕನೇ ಡಿವಿಜನ್‌ನಲ್ಲಿತ್ತು. 1983ರಲ್ಲಿ ಮೊದಲ ಡಿವಿಜನ್‌ನಲ್ಲೇ ಎರಡನೇ ಸ್ಥಾನ. 1984ರಲ್ಲಿ ಎಫ್‌ಎ ಕಪ್ ಫೈನಲ್. ಅವತ್ತು ವೆಂಬ್ಲಿಯಲ್ಲಿ ಜನ ಆ ಹಳೇ ಪ್ರಾರ್ಥನಾಗೀತೆ ಹಾಡುವಾಗ ಎಲ್ಟನ್ ಜಾನ್ ಅಳುತ್ತಿದ್ದುದು ಕ್ಯಾಮೆರಾದಲ್ಲಿ ಸೆರೆಯಾಗಿದೆ. ಅಷ್ಟು ದೊಡ್ಡ ಗಾಯಕನಿಗೂ ಜನರ ದನಿಯ ಎದುರು ತಡೆದುಕೊಳ್ಳಲು ಆಗಲಿಲ್ಲ. ಪಂದ್ಯವನ್ನು ಎವರ್ಟನ್ 2-0 ಗೆದ್ದಿತು.

ಇನ್ನು, ಎಲ್ಲಿಂದ ಶುರು ಮಾಡುವುದು? ಯಾವ ಹಾಡನ್ನೂ ಮೊದಲು ಸ್ಟುಡಿಯೋ ರೆಕಾರ್ಡಿಂಗ್‌ನಲ್ಲಿ ಕೇಳಬೇಡಿ. ಸ್ಟೇಡಿಯಂನದ್ದನ್ನು ಕೇಳಿ, ಆಮೇಲೆ ಮೂಲಕ್ಕೆ ಹೋಗಿ. ಜರ್ಮನಿಯ ಡಾರ್ಟ್‌ಮುಂಡ್ ತಂಡದ ತವರು ಪಂದ್ಯ ಹಾಕಿಕೊಳ್ಳಿ. ದಕ್ಷಿಣದ ಒಂದೇ ಸ್ಟ್ಯಾಂಡಿನಲ್ಲಿ ಸುಮಾರು 25 ಸಾವಿರ ಜನ ನಿಂತು ಹಾಡುತ್ತಾರೆ, ಲಿವರ್‌ಪೂಲಿನವರ ಆ ಹಾಡನ್ನೇ. ಆಮೇಲೆ ಆಮ್‌ಸ್ಟರ್‌ಡಾಂನ ಅಯಾಕ್ಸ್ ತಂಡದವರು ಬಾಬ್ ಮಾರ್ಲಿಯ 'ತ್ರೀ ಲಿಟ್ಲ್ ಬರ್ಡ್ಸ್' ಹಾಡುವುದನ್ನು ಕೇಳಿ. 2008ರಲ್ಲಿ ಕಾರ್ಡಿಫ್‌ನಲ್ಲಿ ಒಂದು ಸ್ನೇಹ ಪಂದ್ಯ ಮುಗಿದ ಮೇಲೆ ಅವರನ್ನು ಸ್ವಲ್ಪ ಹೊತ್ತು ಸ್ಟ್ಯಾಂಡಿನಲ್ಲೇ ಕಾಯಿಸಿದರು. ಆಗ ಸ್ಪೀಕರಿನಲ್ಲಿ ಬಂದ ಹಾಡು ಇದು. ಅಲ್ಲೇ ಎತ್ತಿಕೊಂಡರು, ಇನ್ನೂ ಬಿಟ್ಟಿಲ್ಲ. ಎಲ್ಲಿ ಹೋದರೂ ಚೆಂಡು ಜೊತೆಗಿಟ್ಟುಕೊಂಡು ಆಡುತ್ತಿದ್ದ ಮಾರ್ಲಿಗೆ ಇದು ಗೊತ್ತಾಗಿದ್ದರೆ ಎಷ್ಟು ಸಂತೋಷಪಡುತ್ತಿದ್ದರೋ. ನಿಮ್ಮ ಚಾನೆಲ್ಲಿನಲ್ಲಿ ಕಾಮೆಂಟರಿ ಇಲ್ಲದೆ ಮೈದಾನದ ಸದ್ದು ಮಾತ್ರ ಕೇಳುವ ಆಯ್ಕೆ ಇದ್ದರೆ ಅದನ್ನೇ ಹಾಕಿಕೊಳ್ಳಿ. ಮೊದಲ ಕೆಲವು ನಿಮಿಷ ಬರೀ ಗದ್ದಲ ಅನ್ನಿಸುತ್ತದೆ. ಕೇಳುತ್ತಾ ಹೋದರೆ ಯಾವ ಮೂಲೆಯಿಂದ ಶುರುವಾಯಿತು, ಯಾರು ಎತ್ತಿಕೊಂಡರು ಅಂತ ಗೊತ್ತಾಗತೊಡಗುತ್ತದೆ. ನಿಮಗೆ ಯಾವುದು ಹಿಡಿಸಿತು ಅಂತ ಇಲ್ಲೇ ಬರೆದು ತಿಳಿಸಿ.