ಹಳೆಯ ಬೇಸ್ ಗಿಟಾರ್ ಕೊಳ್ಳಬಹುದೇ?

ಪ್ರಶ್ನೆ: ನನಗೆ 26 ವರ್ಷ, ಆರು ವರ್ಷಗಳಿಂದ ಅಕೌಸ್ಟಿಕ್ ಗಿಟಾರ್ ನುಡಿಸುತ್ತಿದ್ದೇನೆ. ನಮ್ಮ ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸುತ್ತಿದ್ದವರು ಕೆಲಸದ ನಿಮಿತ್ತ ಬೇರೆ ಊರಿಗೆ ಹೋಗಿರುವುದರಿಂದ, ಗಣೇಶೋತ್ಸವದ ಕಾರ್ಯಕ್ರಮಗಳು ಶುರುವಾಗುವುದರೊಳಗೆ ಆ ಜಾಗವನ್ನು ನಾನೇ ತುಂಬಬೇಕೆಂದು ತಂಡದವರು ಒತ್ತಾಯಿಸುತ್ತಿದ್ದಾರೆ. ಪಕ್ಕದ ಊರಿನವರೊಬ್ಬರು ಎಂಟು ವರ್ಷ ಹಳೆಯದಾದ, ನಾಲ್ಕು ತಂತಿಯ ಬೇಸ್ ಗಿಟಾರನ್ನು 9,000 ರೂಪಾಯಿಗೆ ಕೊಡುತ್ತೇನೆ ಎಂದಿದ್ದಾರೆ. ಅದೇ ಮಾದರಿಯ ಹೊಸದಕ್ಕೆ ಅಂಗಡಿಯಲ್ಲಿ 18,000 ರೂಪಾಯಿ ಹೇಳುತ್ತಾರೆ. ಹೋಗಿ ನೋಡಿ ಬಂದೆ. ಮೂರು ವರ್ಷಗಳಿಂದ ಯಾರೂ ಅದನ್ನು ನುಡಿಸಿಲ್ಲ. ತಂತಿಗಳಿಗೆ ತುಕ್ಕು ಹಿಡಿದಿದೆ, ವಾಲ್ಯೂಮ್ ನಾಬ್ ತಿರುಗಿಸಿದರೆ ಕರಕರ ಸದ್ದು ಬರುತ್ತದೆ, ಒಂದೆರಡು ಕಡೆ ಬಣ್ಣ ಎದ್ದಿದೆ. ನಡುವಿನ ಫ್ರೆಟ್‌ಗಳಲ್ಲಿ (ಹಿಡಿಯ ಮೇಲಿನ ಲೋಹದ ಅಡ್ಡಪಟ್ಟಿಗಳಲ್ಲಿ) ತಂತಿ ಒತ್ತಲು ತುಂಬಾ ಬಲ ಬೇಕಾಗುತ್ತದೆ. ‘ಅದರ ಬಾಡಿ ಪ್ಲೈವುಡ್ಡಿನದು, ಮುಟ್ಟಬೇಡ’ ಎಂದು ಗೆಳೆಯನೊಬ್ಬ ಹೇಳುತ್ತಾನೆ. ಏನು ಮಾಡಲಿ?
— ಓದುಗರೊಬ್ಬರು, ಕುಂದಾಪುರ

ಉತ್ತರ: ನೀವು ಹೇಳಿರುವ ದೋಷಗಳಲ್ಲಿ ಕಣ್ಣಿಗೆ ರಾಚುವ ತುಕ್ಕು, ಕರಕರ ಸದ್ದು ಮತ್ತು ಬಣ್ಣ ಮೂರೂ ಅಷ್ಟು ಚಿಂತಿಸಬೇಕಾದವಲ್ಲ. ತಂತಿಯನ್ನು ಹೇಗೂ ಬದಲಿಸಲೇಬೇಕು. ನಾಬಿನ ಕೆಳಗೆ ಕುಳಿತ ಧೂಳಿನಿಂದ ಬರುವ ಕರಕರ ಸದ್ದು, ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ನಾಬನ್ನು ಇಪ್ಪತ್ತು ಸಲ ಆಚೀಚೆ ತಿರುಗಿಸಿದರೆ ಸಾಮಾನ್ಯವಾಗಿ ಹೋಗುತ್ತದೆ. ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ‘ಒತ್ತಲು ತುಂಬಾ ಬಲ ಬೇಕು’ ಎಂಬ ಮಾತು. ಈ ಗಿಟಾರನ್ನು ಕೊಳ್ಳಬೇಕೇ ಬೇಡವೇ ಎಂಬುದು ಅದರ ಕಾರಣವನ್ನು ಅವಲಂಬಿಸಿದೆ.

ಈ ಕಷ್ಟದಲ್ಲಿ ಒಂದು ಪಾಲು ಸಹಜವಾದದ್ದೇ. 1951ರಲ್ಲಿ ಲಿಯೋ ಫೆಂಡರ್ ಅವರ ಕಂಪನಿ ಹೊರತಂದ ಪ್ರಿಸಿಷನ್ ಬೇಸ್‌ನಿಂದ ಇಲ್ಲಿಯವರೆಗೆ ಹೆಚ್ಚಿನ ಬೇಸ್ ಗಿಟಾರುಗಳಲ್ಲಿ ತಂತಿ ಮಿಡಿಯುವ ಉದ್ದ 34 ಇಂಚು. ನಿಮ್ಮ ಅಕೌಸ್ಟಿಕ್‌ನಲ್ಲಿ ಅದು ಇಪ್ಪತ್ತೈದರ ಆಸುಪಾಸು. ಹೀಗಾಗಿ ತಂತಿ ದಪ್ಪವಾಗಿರುವುದಲ್ಲದೆ, ಮೊದಲ ಫ್ರೆಟ್‌ವರೆಗಿನ ಅಂತರವೇ ಸುಮಾರು ಅರ್ಧ ಇಂಚು ಹೆಚ್ಚಿರುತ್ತದೆ. ಆದರೆ ಈ ಸಹಜ ಬಿಗಿ ಎಲ್ಲ ಕಡೆಯೂ ಇರಬೇಕು. ನಡುವಿನಲ್ಲಿ ಮಾತ್ರ ಹೆಚ್ಚು ಕಷ್ಟವಾಗುತ್ತಿದ್ದರೆ, ನೆಕ್ (ಫ್ರೆಟ್‌ಗಳಿರುವ ಉದ್ದನೆಯ ಮರದ ಹಿಡಿ) ಮುಂದಕ್ಕೆ ಬಾಗಿರುವ ಸಾಧ್ಯತೆಯನ್ನು ಮೊದಲು ನೋಡಬೇಕು. ನಾಲ್ಕು ತಂತಿಗಳು ಶ್ರುತಿಯಲ್ಲಿದ್ದಾಗ ಆ ಮರದ ಪಟ್ಟಿಯನ್ನು ಎಂಬತ್ತು ಕೆ.ಜಿ.ಯ ಆಸುಪಾಸಿನ ಬಲದಿಂದ ಎಳೆಯುತ್ತಿರುತ್ತವೆ. ಕರಾವಳಿಯ ತೇವದ ಗಾಳಿಯಲ್ಲಿ ಮೂರು ಮಳೆಗಾಲಗಳನ್ನು ಹಾಗೆಯೇ ಕಳೆದ ನೆಕ್ ಬಾಗದೆ ಉಳಿದಿದ್ದರೆ ಅದನ್ನು ಮೆಚ್ಚಬೇಕು. ಮೂಲೆಯಲ್ಲಿಡುವಾಗ ತಂತಿಗಳನ್ನು ಸಡಿಲಿಸಿದ್ದರೇ ಎಂದು ಮಾಲೀಕರನ್ನು ಕೇಳಿ.

ಬಾಗಿದೆಯೇ ಎಂದು ತಿಳಿಯಲು ಉಪಕರಣವೇನೂ ಬೇಡ. ಗೋಡೆ ನೇರವಿದೆಯೇ ಎಂದು ಗಾರೆಯವರು ದಾರ ಹಿಡಿದು ನೋಡುವಂತೆ ಇಲ್ಲಿ ತಂತಿಯೇ ದಾರ. ಗಿಟಾರನ್ನು ಶ್ರುತಿ ಮಾಡಿ, ದಪ್ಪ ತಂತಿಯನ್ನು ಮೊದಲ ಫ್ರೆಟ್‌ನಲ್ಲಿ ಎಡಗೈಯಿಂದಲೂ, ನೆಕ್ ಬಾಡಿಗೆ ಸೇರುವ ಜಾಗದಲ್ಲಿ ಬಲಗೈಯಿಂದಲೂ ಒಟ್ಟಿಗೆ ಒತ್ತಿ ಹಿಡಿಯಿರಿ. ಏಳನೆಯ ಅಥವಾ ಎಂಟನೆಯ ಫ್ರೆಟ್‌ನ ಮೇಲೆ ಎಷ್ಟು ಸಂದು ಇದೆ ಎಂಬುದನ್ನು ಜೊತೆಯಲ್ಲಿ ಬಂದವರು ನೋಡಲಿ. ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟಿದ್ದರೆ ನೆಕ್ ಸರಿಯಾಗಿದೆ, ಬಾಡಿಯ ಮೇಲೆ ತಂತಿಗಳು ಕೂರುವ ಬ್ರಿಡ್ಜ್‌ನಲ್ಲಿ ತಂತಿ ಎತ್ತರವಾಗಿರುವುದೇ ನಿಮ್ಮ ಕಷ್ಟಕ್ಕೆ ಕಾರಣವಿರಬಹುದು, ಅದನ್ನು ಐದು ನಿಮಿಷದಲ್ಲಿ ಇಳಿಸಬಹುದು. ಒಂದು ರೂಪಾಯಿ ನಾಣ್ಯವೇ ಸಲೀಸಾಗಿ ಒಳಹೊಕ್ಕರೆ ನೆಕ್ ಬಾಗಿದೆ.

ಬಾಗಿದ ಮಾತ್ರಕ್ಕೆ ಕೈಬಿಡಬೇಕಾಗಿಲ್ಲ. ನೆಕ್‌ನ ಒಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳು ಇರುತ್ತದೆ. ಅದರ ತುದಿಯ ನಟ್ಟನ್ನು ಆರು ಮೂಲೆಯ ಆಲನ್ ಕೀಯಿಂದ ಬಿಗಿಗೊಳಿಸಿದರೆ ನೆಕ್ ಹಿಂದಕ್ಕೆ ಬರುತ್ತದೆ. ಆ ನಟ್ ಇನ್ನೂ ತಿರುಗುತ್ತದೆಯೇ ಎಂಬುದೇ ಇಲ್ಲಿನ ಪ್ರಶ್ನೆ. ಮಾಲೀಕರ ಒಪ್ಪಿಗೆ ಪಡೆದು, ಅವರ ಎದುರಿನಲ್ಲೇ, ತಂತಿಗಳನ್ನು ಸ್ವಲ್ಪ ಸಡಿಲಿಸಿ, ಕಾಲು ಸುತ್ತು ಮಾತ್ರ ತಿರುಗಿಸಿ ನೋಡಿ. ಮೆತ್ತಗೆ ತಿರುಗಿ, ಮತ್ತೆ ಶ್ರುತಿ ಮಾಡಿದಾಗ ಸಂದು ಕಡಿಮೆಯಾದರೆ ಸಂತೋಷ. ಈಗಾಗಲೇ ಕೊನೆಯವರೆಗೆ ಬಿಗಿದಿದ್ದೂ ನೆಕ್ ಬಾಗಿಯೇ ಇದ್ದರೆ, ಅಥವಾ ನಟ್ಟಿನ ಒಳಮೂಲೆಗಳು ಸವೆದು ಕೀ ಜಾರುತ್ತಿದ್ದರೆ, ಧನ್ಯವಾದ ಹೇಳಿ ಎದ್ದು ಬನ್ನಿ. ನನ್ನ ಮೊದಲ ಬೇಸ್ ಗಿಟಾರ್ ಹೀಗೆಯೇ ಗಂಟುಬಿದ್ದದ್ದು. ಕೆಂಪು ಬಣ್ಣದ ಹೊಳಪಿಗೆ ಮರುಳಾಗಿ ತಂದ ಮೇಲೆ, ಅದರ ನಟ್ಟನ್ನು ಹಿಂದಿನವರು ಯಾವುದೋ ತಪ್ಪು ಅಳತೆಯ ಕೀ ಹಾಕಿ ಗುಂಡಗೆ ಮಾಡಿಟ್ಟಿದ್ದರು ಎಂಬುದು ತಿಳಿಯಿತು. ಆರು ತಿಂಗಳು ಬೆರಳು ನೋಯಿಸಿಕೊಂಡು ನುಡಿಸಿ, ಕೊನೆಗೆ ಗೋಡೆಗೆ ನೇತುಹಾಕಿದೆ. ಅಂಥ ನೆಕ್ ಬದಲಿಸುವ ಖರ್ಚು ನೀವು ಕೊಟ್ಟ ಬೆಲೆಯನ್ನೇ ಮೀರಬಹುದು. ಹಾಗೆಯೇ ತಂತಿ ಬಿಗಿಸುವ ತುದಿಯಾದ ಹೆಡ್‌ನ ಕಡೆಯಿಂದ ಒಂದು ಕಣ್ಣು ಮುಚ್ಚಿ ನೋಡಿದಾಗ ನೆಕ್‌ನ ಎರಡು ಅಂಚುಗಳು ಒಂದೇ ರೀತಿ ಸಾಗದೆ ತಿರುಚಿಕೊಂಡಂತೆ ಕಂಡರೆ, ಅದನ್ನು ಟ್ರಸ್ ರಾಡ್ ಸರಿಪಡಿಸಲಾರದು.

ನೆಕ್ ಪಾಸಾದರೆ ಒಂದು ಹತ್ತು ನಿಮಿಷ ಕುಳಿತು, ನಾಲ್ಕೂ ತಂತಿಗಳಲ್ಲಿ ಪ್ರತಿಯೊಂದು ಫ್ರೆಟ್‌ನ ಸ್ವರವನ್ನೂ ಬಿಡದೆ ನುಡಿಸಿ. ಎಲ್ಲಿಯಾದರೂ ಸ್ವರ ಝರ್ ಎಂದರೆ ಆ ಫ್ರೆಟ್ ಸವೆದಿರಬಹುದು ಅಥವಾ ಮುಂದಿನದು ಎದ್ದಿರಬಹುದು. ಅತ್ಯಂತ ತೆಳುವಾದ ಜಿ ತಂತಿಯ ಐದರಿಂದ ಏಳನೆಯ ಫ್ರೆಟ್‌ಗಳ ನಡುವೆ ಒಂದು ಸ್ವರ ಬೇಗನೆ ಆರಿಹೋಗುವುದುಂಟು; ದುಬಾರಿ ಬೇಸ್‌ಗಳಲ್ಲೂ ಇರುವ ಗುಣವಾದ್ದರಿಂದ ಅದಕ್ಕೆ ಹೆದರಬೇಡಿ. ಹನ್ನೆರಡನೆಯ ಫ್ರೆಟ್‌ನಲ್ಲಿ ಶ್ರುತಿ ಪರೀಕ್ಷಿಸಲು ಹಲವರು ಹೇಳುತ್ತಾರೆ, ಆದರೆ ತುಕ್ಕು ಹಿಡಿದ ತಂತಿ ಸರಿಯಾದ ಉತ್ತರ ಕೊಡುವುದಿಲ್ಲ. ಅದರ ಬದಲು, ಆ ಶ್ರುತಿಯನ್ನು ಸರಿಪಡಿಸುವ ಬ್ರಿಡ್ಜ್‌ನ ಸಣ್ಣ ಸ್ಕ್ರೂಗಳು ತುಕ್ಕಿನಿಂದ ಕಚ್ಚಿಕೊಳ್ಳದೆ ತಿರುಗುತ್ತವೆಯೇ ನೋಡಿ. ಹಿಂಭಾಗದಲ್ಲಿ 9 ವೋಲ್ಟ್ ಬ್ಯಾಟರಿಯ ಪೆಟ್ಟಿಗೆ ಇದ್ದರೆ ತೆರೆಯಿಸಿ. ಮೂರು ವರ್ಷ ಒಳಗೇ ಉಳಿದ ಬ್ಯಾಟರಿ ಸೋರಿ ಒಳಗಿನ ವೈರು ಕಿತ್ತುಹೋಗಿರಬಹುದು.

ಪ್ಲೈವುಡ್ಡಿನ ಮಾತನ್ನು ಮರೆತುಬಿಡಿ. ಎಲೆಕ್ಟ್ರಿಕ್ ಬೇಸ್‌ನಲ್ಲಿ ತಂತಿಗಳ ಕೆಳಗಿರುವ ಪಿಕಪ್ ಎಂಬ ಅಯಸ್ಕಾಂತದ ಸಾಧನ ಗ್ರಹಿಸುವುದು ಲೋಹದ ತಂತಿಯ ಕಂಪನವನ್ನು. ಪೆಂಡಾಲಿನ ಸ್ಪೀಕರಿನಿಂದ ಹೊರಟ ಮೇಲೆ ಅದರ ಬಾಡಿ ಯಾವ ಮರದ್ದೆಂದು ನಿಮ್ಮ ಗೆಳೆಯನೂ ಹೇಳಲಾರ.

ಇನ್ನು ಹಣದ ಲೆಕ್ಕ. ಹೊಸ ತಂತಿಗಳಿಗೂ, ತಿಳಿದವರಿಂದ ಒಮ್ಮೆ ಸೆಟಪ್ (ನೆಕ್, ತಂತಿಯ ಎತ್ತರ, ಶ್ರುತಿಗಳ ಹೊಂದಾಣಿಕೆ) ಮಾಡಿಸುವುದಕ್ಕೂ ಸೇರಿಸಿ ಮೂರು ಸಾವಿರ ಎಂದಿಟ್ಟುಕೊಂಡರೆ ಇದರ ನಿಜವಾದ ಬೆಲೆ 12,000 ರೂಪಾಯಿ. ವಾರಂಟಿ ಇರುವ ಹೊಸದಕ್ಕಿಂತ ಆರು ಸಾವಿರ ಮಾತ್ರ ಕಡಿಮೆ. ಆದ್ದರಿಂದ 6,500ರಿಂದ ಚೌಕಾಸಿ ಆರಂಭಿಸಿ, 7,500ಕ್ಕೆ ಒಪ್ಪಿದರೆ ಕೊಳ್ಳಿ. ನೆಕ್ ಕೆಟ್ಟಿದ್ದರೆ ಮೂರು ಸಾವಿರಕ್ಕೂ ಬೇಡ. ಉಳಿದ ಹಣದಲ್ಲಿ ಆಂಪ್ (ಸದ್ದು ಹೆಚ್ಚಿಸುವ ಪೆಟ್ಟಿಗೆ) ಕೊಳ್ಳಲು ಅವಸರ ಬೇಡ: ವೇದಿಕೆಯಲ್ಲಿ, ಗಿಟಾರಿನ ಸಂಕೇತವನ್ನು ಮಿಕ್ಸರಿಗೆ ಹೊಂದಿಸುವ ಡಿ.ಐ. ಬಾಕ್ಸ್ ಮೂಲಕ ನೇರವಾಗಿ ಮಿಕ್ಸರಿಗೆ ಕೊಡಬಹುದು, ಮನೆಯಲ್ಲಿ ಒಂದು ಹೆಡ್‌ಫೋನ್ ಆಂಪ್ ಸಾಕು. ಗೆಳೆಯರ ಗಿಟಾರ್ ಆಂಪ್‌ಗೆ ಮಾತ್ರ ದೊಡ್ಡ ಸದ್ದಿನಲ್ಲಿ ಚುಚ್ಚಬೇಡಿ. ಬೇಸ್‌ನ ದಪ್ಪ ತಂತಿಯ ಸ್ವರ ಸುಮಾರು 41 ಹರ್ಟ್ಸ್. ಆ ಸಣ್ಣ ಸ್ಪೀಕರ್ ಅದಕ್ಕಾಗಿ ಮಾಡಿದ್ದಲ್ಲ, ಹರಿದೀತು.

ಪ್ರಶ್ನೆ: ಹನ್ನೊಂದು ವರ್ಷದ ಮಗಳು ಬೇಸ್ ಗಿಟಾರ್ ಕಲಿಯಬೇಕೆಂದು ಹಟ ಹಿಡಿದಿದ್ದಾಳೆ. ಕಡಿಮೆ ಬೆಲೆಗೆ ಸಿಕ್ಕಿರುವ ಹಳೆಯದು ಪೂರ್ಣ ಅಳತೆಯದು. ಅವಳ ಕೈಗೆ ಎಟುಕೀತೇ?
— ಗೃಹಿಣಿ, ಹಾಸನ

ಉತ್ತರ: ಕಷ್ಟ, ಆದರೆ ಒಂದು ಉಪಾಯವಿದೆ. 30 ಇಂಚಿನ ‘ಶಾರ್ಟ್ ಸ್ಕೇಲ್’ ಬೇಸ್‌ಗಳಿವೆ. ಬೀಟಲ್ಸ್‌ನ ಪಾಲ್ ಮೆಕಾರ್ಟ್ನಿ ಹೆಸರಾದದ್ದು ಅಂಥದೊಂದನ್ನು ಹಿಡಿದೇ. ಹಳೆಯ ಮಾಲಿನಲ್ಲಿ ಅವು ಸುಲಭವಾಗಿ ಸಿಗುವುದಿಲ್ಲ. ನಿಮಗೆ ಸಿಕ್ಕಿರುವುದರ ನಾಲ್ಕೂ ತಂತಿಗಳನ್ನು ಒಂದು ಪೂರ್ಣ ಸ್ವರ ಕೆಳಗಿಳಿಸಿ, ಎರಡನೆಯ ಫ್ರೆಟ್‌ಗೆ ಗಟ್ಟಿ ಸ್ಪ್ರಿಂಗಿನ ಕ್ಯಾಪೊ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿದರೆ, ಮಿಡಿಯುವ ಉದ್ದ 30 ಇಂಚಿನ ಸಮೀಪಕ್ಕೆ ಬರುತ್ತದೆ, ಶ್ರುತಿಯೂ ವಾಡಿಕೆಯದೇ ಆಗುತ್ತದೆ. ಅವಳು ಬೆಳೆದಂತೆ ಕ್ಯಾಪೊ ತೆಗೆಯಬಹುದು. ಆದರೆ ನಾಲ್ಕು ಕೆ.ಜಿ.ಯ ತೂಕವನ್ನು ಕ್ಯಾಪೊ ಇಳಿಸುವುದಿಲ್ಲ. ಹಣ ಕೊಡುವ ಮುನ್ನ ಮಗಳನ್ನು ಕರೆದೊಯ್ದು, ಅಗಲವಾದ ಪಟ್ಟಿ ಕಟ್ಟಿ, ಹೆಗಲಿಗೆ ಹಾಕಿ ಹತ್ತು ನಿಮಿಷ ನಿಲ್ಲಿಸಿ ನೋಡಿ.