ಮನೆ ನಿಮ್ಮದು, ಅದರಡಿಯ ಕಲ್ಲಿದ್ದಲು ಯಾರದ್ದು?

ನಿಮ್ಮ ಪ್ರಶ್ನೆ ಓದಿದೆ. ಉಡುಪಿ ಬಿಟ್ಟು ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಪಿಟ್ಸ್‌ಬರ್ಗ್‌ಗೆ ಬಂದು ಇನ್ನೂ ವರ್ಷ ಆಗಿಲ್ಲ, ವಾಷಿಂಗ್ಟನ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಸ್ವಲ್ಪ ಜಾಗ ಇರುವ ಒಂದು ಮನೆ ಇಷ್ಟ ಆಗಿದೆ ಅಂತ ಬರೆದಿದ್ದೀರಿ. ಆದರೆ ಕ್ರಯಪತ್ರದ ಕರಡಿನಲ್ಲಿ ದಪ್ಪ ಅಕ್ಷರದಲ್ಲಿ ಒಂದು ಸೂಚನೆ ಇದೆ: ಈ ಪತ್ರದಿಂದ ನೆಲದಡಿಯ ಕಲ್ಲಿದ್ದಲಿನ ಹಕ್ಕಾಗಲಿ, ನೆಲಕ್ಕೆ ಆಸರೆಯ ಹಕ್ಕಾಗಲಿ ನಿಮಗೆ ಬರದೇ ಇರಬಹುದು. ಇಂದ್ರಾಳಿಯಲ್ಲಿರುವ ನಿಮ್ಮ ಅಪ್ಪನಿಗೆ ಇದನ್ನು ಓದಿ ಹೇಳಿದಾಗ ಅವರು, "ಅಡಿ ನಮ್ಮದಲ್ಲದ ಜಾಗ ಯಾಕೆ ಮಾರಾಯ, ಬಿಡು" ಅಂದರಂತೆ. ಇಲ್ಲಿ ಬದುಕು ಹೇಗೆ, ಬೇರು ಬಿಡಬಹುದಾ ಅಂತಲೂ ಕೇಳಿದ್ದೀರಿ.

ಬದುಕಿನ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಚಳಿ ಅಭ್ಯಾಸ ಆಗುತ್ತದೆ. ಕುಚ್ಚಲಕ್ಕಿ ಸಿಗುತ್ತದೆ. ಪೆನ್ ಹಿಲ್ಸ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಹೋದರೆ ಕನ್ನಡ, ತುಳು ಮಾತಾಡುವವರು ಸಿಗುತ್ತಾರೆ. ಈ ಕಡೆಯ ಹಳ್ಳಿಯ ಜನ ಒಳ್ಳೆಯವರು, ಮಾತು ಕಡಿಮೆ ಅಷ್ಟೆ. ಬೇರು ಬಿಡಬಹುದು, ನಾನು ಬಿಟ್ಟಿದ್ದೇನೆ. ಆದರೆ ಬೇರು ಬಿಡುವ ನೆಲ ಯಾರದ್ದು ಅನ್ನುವ ನಿಮ್ಮ ಇನ್ನೊಂದು ಪ್ರಶ್ನೆ ಇದೆಯಲ್ಲ, ಅದು ಇದಕ್ಕಿಂತ ದೊಡ್ಡದು. ಅದಕ್ಕೇ ಜಾಸ್ತಿ ಬರೆಯುತ್ತೇನೆ.

ನಿಮ್ಮ ಅಪ್ಪ ಹೆದರಿದ್ದು ಸಹಜ. ನಮ್ಮ ಕಡೆ ಜಾಗ ತಗೊಂಡರೆ ಆರ್‌ಟಿಸಿ ನೋಡುತ್ತೇವೆ, ಇಸಿ ತೆಗೆಸುತ್ತೇವೆ, ಬಾವಿಯ ನೀರು ನೋಡುತ್ತೇವೆ. ಅಡಿಯಲ್ಲಿ ಇರುವ ಮುರಕಲ್ಲು ಇನ್ನೊಬ್ಬರದ್ದು ಅನ್ನುವ ಯೋಚನೆಯೇ ಬರುವುದಿಲ್ಲ. ಕಲ್ಲು ತೆಗೆಯಲು ಗಣಿ ಇಲಾಖೆಯ ಪರವಾನಗಿ ಬೇಕು, ರಾಜಧನ ಕಟ್ಟಬೇಕು, ಅದು ಬೇರೆ ಮಾತು. 2013ರಲ್ಲಿ ಕೇರಳದ ಮಲಬಾರಿನ ಒಂದು ಕೇಸಿನಲ್ಲಿ ನಮ್ಮ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಕಾನೂನಿನ ಪ್ರಕಾರ ಕಿತ್ತುಕೊಳ್ಳದ ಹೊರತು ನೆಲದ ಒಡೆಯನೇ ಅಡಿಯ ಖನಿಜದ ಒಡೆಯ.

ಅಮೆರಿಕದಲ್ಲಿ ಶುರುವಾಗುವುದು ಇದೇ ತತ್ವದಿಂದ. ಆದರೆ ಇಲ್ಲಿ ಒಡೆಯ ಆ ಅಡಿಯನ್ನು ಬೇರೆಯಾಗಿ ಮಾರಬಹುದು. ಮೇಲಿನ ನೆಲ ಒಬ್ಬರಿಗೆ, ಕಲ್ಲಿದ್ದಲು ಇನ್ನೊಬ್ಬರಿಗೆ, ಗ್ಯಾಸ್ ಮತ್ತೊಬ್ಬರಿಗೆ. ಪೆನ್ಸಿಲ್ವೇನಿಯಾದಲ್ಲಿ ಇದಕ್ಕೆ ಇನ್ನೊಂದು ಸೇರುತ್ತದೆ: ಮೇಲಿನ ನೆಲ ಕುಸಿಯದಂತೆ ಅಡಿಯಲ್ಲಿ ಆಸರೆ ಉಳಿಸಿಕೊಳ್ಳುವ ಹಕ್ಕು. ಅದನ್ನೂ ಪ್ರತ್ಯೇಕ ಆಸ್ತಿಯಾಗಿ ಮಾರಿದ್ದಾರೆ. ನಿಮ್ಮ ಪತ್ರದಲ್ಲಿರುವ ಸೂಚನೆ ನಿಮಗೊಬ್ಬರಿಗೆ ಹಾಕಿದ್ದಲ್ಲ. 1957ರ ಕಾನೂನಿನಿಂದ ಬಂದದ್ದು, ಈ ಭಾಗದ ಎಷ್ಟೋ ಮನೆಗಳ ಪತ್ರದಲ್ಲಿ ಇರುತ್ತದೆ.

ಪಶ್ಚಿಮದ ರಾಜ್ಯಗಳಲ್ಲಿ ಹೀಗೆ ಬೇರೆ ಮಾಡಿದ್ದು ಸರ್ಕಾರವೇ. 1916ರ ಕಾನೂನಿನಲ್ಲಿ ಜಾನುವಾರು ಸಾಕಲು 640 ಎಕರೆಯವರೆಗೆ ಜಮೀನು ಕೊಟ್ಟರು, ಖನಿಜ ತಮ್ಮಲ್ಲೇ ಇಟ್ಟುಕೊಂಡರು. ಪೆನ್ಸಿಲ್ವೇನಿಯಾದಲ್ಲಿ ಮಾತ್ರ ಹೆಚ್ಚಿನದ್ದು ಖಾಸಗಿ ಮಾರಾಟ. ನೂರು ನೂರೈವತ್ತು ವರ್ಷದ ಹಿಂದೆ ಕಲ್ಲಿದ್ದಲು ಕಂಪನಿಯ ಏಜೆಂಟರು ರೈತರ ಮನೆ ಬಾಗಿಲಿಗೆ ಬಂದು ಸಣ್ಣ ಮೊತ್ತಕ್ಕೆ ಅಡಿಯನ್ನು ಬರೆಸಿಕೊಂಡರು. ಆ ರೈತನಿಗೆ ಅಷ್ಟು ಆಳದಲ್ಲಿ ಏನು ನಡೆಯಬಹುದು ಅನ್ನುವ ಅಂದಾಜೇ ಇರಲಿಲ್ಲ.

ನಡೆದದ್ದು ಏನು ಅಂತ ಒಂದು ಕೇಸ್ ಹೇಳುತ್ತೇನೆ. ಇದೇ ರಾಜ್ಯದ ಪಿಟ್ಸ್‌ಟನ್ ಊರಿನಲ್ಲಿ ಮ್ಯಾಹನ್ ಅನ್ನುವವರ ಮನೆ ಇತ್ತು. 1878ರ ಪತ್ರದಲ್ಲಿ ಕಂಪನಿ ಮೇಲಿನ ನೆಲ ಮಾತ್ರ ಮಾರಿತ್ತು. ಅಡಿಯ ಕಲ್ಲಿದ್ದಲು ತೆಗೆಯುವ ಹಕ್ಕು ತಾನೇ ಇಟ್ಟುಕೊಂಡಿತ್ತು, ನೆಲ ಕುಸಿದರೆ ಹೊಣೆಯೂ ಇಲ್ಲ ಅಂತ ಬರೆಸಿಕೊಂಡಿತ್ತು. 1921ರಲ್ಲಿ ರಾಜ್ಯ ಒಂದು ಕಾನೂನು ಮಾಡಿ, ಜನ ವಾಸಿಸುವ ಮನೆ ಕುಸಿಯುವ ಹಾಗೆ ಗಣಿ ಮಾಡಬಾರದು ಅಂದಿತು. ಮರುವರ್ಷ ಅಮೆರಿಕದ ಸುಪ್ರೀಂ ಕೋರ್ಟ್ ಆ ಕಾನೂನನ್ನು ಹೊಡೆದುಹಾಕಿತು. ಪರಿಹಾರ ಕೊಡದೆ ಕಂಪನಿಯ ಆಸ್ತಿ ಕಿತ್ತುಕೊಂಡ ಹಾಗಾಯಿತು ಅಂತ ನ್ಯಾಯಮೂರ್ತಿ ಹೋಮ್ಸ್ ಬರೆದರು. ನ್ಯಾಯಮೂರ್ತಿ ಬ್ರಾಂಡೈಸ್ ಒಬ್ಬರೇ ಒಪ್ಪಲಿಲ್ಲ. ನನ್ನ ಮಟ್ಟಿಗೆ ಬ್ರಾಂಡೈಸ್ ಹೇಳಿದ್ದೇ ಸರಿ. ಮನೆಯೊಳಗೆ ಜನ ಮಲಗಿರುವಾಗ ಅಡಿಯ ಕಂಬ ತೆಗೆಯುವುದನ್ನು ಆಸ್ತಿಯ ಹಕ್ಕು ಅಂತ ಕರೆಯಲು ನನಗೆ ಬಾಯಿ ಬರುವುದಿಲ್ಲ.

ಕೋರ್ಟಿನ ಮನಸ್ಸು ಬದಲಾಗಲು ಅರವತ್ತೈದು ವರ್ಷ ಹಿಡಿಯಿತು. ರಾಜ್ಯ 1966ರಲ್ಲಿ ಮತ್ತೆ ಕಾನೂನು ಮಾಡಿತು, ಆಗ ಇದ್ದ ಮನೆಗಳ ಅಡಿಯಲ್ಲಿ ಸಾಕಷ್ಟು ಕಲ್ಲಿದ್ದಲು ಆಸರೆಯಾಗಿ ಬಿಡಬೇಕು ಅಂತ. 1987ರಲ್ಲಿ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕರ ಅಂತರದಲ್ಲಿ ಅದನ್ನು ಉಳಿಸಿತು. 1994ರ ತಿದ್ದುಪಡಿ ಇನ್ನೂ ಮುಂದೆ ಹೋಯಿತು. ಗಣಿಯಿಂದ ಮನೆ ಬಿರುಕು ಬಿಟ್ಟರೆ ಕಂಪನಿ ದುರಸ್ತಿ ಮಾಡಬೇಕು ಇಲ್ಲವೇ ಹಣ ಕೊಡಬೇಕು, ಬಾವಿ ಬತ್ತಿದರೆ ಬದಲಿ ನೀರು ಕೊಡಬೇಕು. ನಿಮ್ಮ ಅಪ್ಪನಿಗೆ ಇದನ್ನು ಖಂಡಿತ ಹೇಳಿ.

ಆದರೆ ಎಂದೋ ಮುಚ್ಚಿಹೋದ ಹಳೆ ಗಣಿಯಾದರೆ? ಹಿಡಿಯಲು ಕಂಪನಿಯೇ ಇರುವುದಿಲ್ಲ. ಮಾಮೂಲಿ ಮನೆ ವಿಮೆ ಗಣಿ ಕುಸಿತಕ್ಕೆ ಕೊಡುವುದಿಲ್ಲ. ಅದಕ್ಕಾಗಿ 1961ರಿಂದ ರಾಜ್ಯ ಸರ್ಕಾರವೇ ಒಂದು ವಿಮೆ ನಡೆಸುತ್ತಿದೆ, ಪರಿಸರ ಇಲಾಖೆಯ ಮೂಲಕ. ಮನೆ ತಗೊಂಡ ದಿನವೇ ಅದನ್ನು ಮಾಡಿಸಿ. ಅಡಿಯಲ್ಲಿ ಗಣಿ ಇದೆಯಾ ಅಂತ ನಕ್ಷೆಯನ್ನೂ ಅವರ ಬಳಿಯೇ ಕೇಳಬಹುದು.

ಇನ್ನು ಗ್ಯಾಸ್. ನಿಮ್ಮ ಕೌಂಟಿ ಮಾರ್ಸೆಲಸ್ ಅನ್ನುವ ಶೇಲ್ ಗ್ಯಾಸಿನ (ಆಳದ ಪದರಗಲ್ಲಿನೊಳಗಿನ ಗ್ಯಾಸ್) ಹೃದಯಭಾಗದಲ್ಲಿದೆ. ಹಳೆ ಪತ್ರದಲ್ಲಿ ಏನು ಬರೆದಿದೆ ಅನ್ನುವುದು ಇಲ್ಲಿ ಬಹಳ ಮುಖ್ಯ. ಹಿಂದಿನ ಮಾರಾಟಗಾರ ಬರೀ "ಕಲ್ಲಿದ್ದಲು ಮತ್ತು ಖನಿಜ" ತನ್ನದು ಅಂತ ಇಟ್ಟುಕೊಂಡಿದ್ದರೆ ಗ್ಯಾಸ್ ಅದರಲ್ಲಿ ಸೇರುವುದಿಲ್ಲ. 1882ರ ತೀರ್ಪು ಹಾಗೆ ಹೇಳುತ್ತದೆ, ಶೇಲ್ ಗ್ಯಾಸಿಗೂ ಅದೇ ಅನ್ವಯ ಅಂತ ರಾಜ್ಯದ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು. "ಎಣ್ಣೆ ಮತ್ತು ಗ್ಯಾಸ್" ಅಂತ ಸ್ಪಷ್ಟವಾಗಿ ಇದ್ದರೆ ಮಾತ್ರ ಅದು ಹೋದ ಹಾಗೆ. ಹೋಗಿದ್ದರೆ, ಅದರ ಒಡೆಯ ನಿಮ್ಮ ಅಂಗಳವನ್ನು ಬೇಕಾದಷ್ಟು ಮಟ್ಟಿಗೆ ಬಳಸಬಹುದು, ದಾರಿ ಮಾಡಬಹುದು. ನೀವು ಷರತ್ತು ಹಾಕುವ ಹಾಗಿಲ್ಲ. 2009ರಲ್ಲಿ ರಾಜ್ಯ ಸರ್ಕಾರವೇ ತನ್ನ ಒಂದು ಉದ್ಯಾನದ ವಿಷಯದಲ್ಲಿ ಷರತ್ತು ಹಾಕಲು ಹೋಗಿ ಕೋರ್ಟಿನಲ್ಲಿ ಸೋತಿತು. ಸರ್ಕಾರಕ್ಕೇ ಆಗದ್ದು ನಮಗೆ ಆಗುತ್ತದಾ?

ಹೆದರಿಸಲು ಹೇಳುತ್ತಿಲ್ಲ. 2012ರ ಕಾನೂನಿನ ಪ್ರಕಾರ ಮನೆಯಿಂದ 500 ಅಡಿಯೊಳಗೆ ಶೇಲ್ ಬಾವಿ ಕೊರೆಯಲು ಮನೆಯವರ ಒಪ್ಪಿಗೆ ಬೇಕು. ನಿಮ್ಮದು ಸಣ್ಣ ಜಾಗ, ಅಂಗಳದಲ್ಲೇ ಬಾವಿ ಬರುವುದು ಕಷ್ಟ. ಪಕ್ಕದ ದೊಡ್ಡ ಜಮೀನಿನಲ್ಲಿ ಬರಬಹುದು. ಹಾಗಾಗಿ ಮನೆಗೆ ಬೋರ್‌ವೆಲ್ ನೀರಾದರೆ, ಯಾರೂ ಕೊರೆಯುವ ಮೊದಲೇ ಮಾನ್ಯತೆ ಇರುವ ಲ್ಯಾಬಿನಲ್ಲಿ ನೀರು ಪರೀಕ್ಷೆ ಮಾಡಿಸಿ ಕಾಗದ ಇಟ್ಟುಕೊಳ್ಳಿ. ಶೇಲ್ ಬಾವಿಯಿಂದ 2,500 ಅಡಿಯೊಳಗೆ, ಕೆಲಸ ಆದ 12 ತಿಂಗಳೊಳಗೆ ನೀರು ಕೆಟ್ಟರೆ ತಪ್ಪು ಕಂಪನಿಯದ್ದೇ ಅಂತ ಕಾನೂನು ಮೊದಲು ಊಹಿಸುತ್ತದೆ. ಆದರೆ ನೀರು ಮೊದಲೇ ಕೆಟ್ಟಿತ್ತು ಅಂತ ಅವರು ತೋರಿಸಿದರೆ ಆ ಊಹೆ ಬಿದ್ದುಹೋಗುತ್ತದೆ. ನಿಮ್ಮ ಹತ್ತಿರ ಕಾಗದ ಇರಬೇಕು.

ಈಗ ನನಗೆ ನಿಜವಾಗಿ ಸಂಕಟ ಆಗುವ ವಿಷಯಕ್ಕೆ ಬರುತ್ತೇನೆ. ಕಂಪನಿಯಾದರೆ ಹೆಸರಿದೆ, ವಿಳಾಸ ಇದೆ. ಎಷ್ಟೋ ಜಾಗಗಳಲ್ಲಿ ಅಡಿಯ ಒಡೆಯ ಯಾರು ಅಂತಲೇ ಗೊತ್ತಿಲ್ಲ. ಅಜ್ಜನ ಅಜ್ಜ ಮಾರುವಾಗ ಗ್ಯಾಸ್ ತನಗೆ ಅಂತ ಬರೆದಿಟ್ಟ. ಅವನ ಮಕ್ಕಳು, ಮೊಮ್ಮಕ್ಕಳು ಊರು ಬಿಟ್ಟರು. ಹಕ್ಕು ಹತ್ತು, ಇಪ್ಪತ್ತು, ನಲವತ್ತು ಪಾಲಾಯಿತು. ಆ ಪಾಲುದಾರರಿಗೇ ತಮಗೆ ಪಾಲಿದೆ ಅಂತ ತಿಳಿದಿಲ್ಲ. ಪೆನ್ಸಿಲ್ವೇನಿಯಾದಲ್ಲಿ ಎಣ್ಣೆ, ಗ್ಯಾಸಿನ ಹಕ್ಕಿಗೆ ಕೌಂಟಿ ಆಸ್ತಿ ತೆರಿಗೆ ಹಾಕುವ ಹಾಗಿಲ್ಲ ಅಂತ 2002ರಲ್ಲಿ ತೀರ್ಪಾಗಿದೆ. ಅಂದಮೇಲೆ ತೆರಿಗೆ ರಸೀದಿ ಹಿಡಿದು ಹುಡುಕುವ ದಾರಿಯೂ ಇಲ್ಲ. ಮೇಲೆ ಕೂತವರು ವರ್ಷ ವರ್ಷ ತೆರಿಗೆ ಕಟ್ಟುತ್ತಾರೆ, ಹುಲ್ಲು ಕತ್ತರಿಸುತ್ತಾರೆ, ಚರಂಡಿ ನೋಡಿಕೊಳ್ಳುತ್ತಾರೆ. ಅಡಿಯವರು ಸುಮ್ನೆ ಇದ್ದರೂ ಹಕ್ಕು ಸಾಯುವುದಿಲ್ಲ.

ನಮ್ಮ ಕರಾವಳಿಯವರಿಗೆ ಇದು ಅರ್ಥ ಆಗದ ಸಂಗತಿ ಅಲ್ಲ. ಮೂಲಗೇಣಿ ನೆನಪು ಮಾಡಿಕೊಳ್ಳಿ. ಮನೆ ಕಟ್ಟಿ ತಲೆತಲಾಂತರದಿಂದ ಇರುವವರು ಒಬ್ಬರು, ದಾಖಲೆಯಲ್ಲಿ ಮೂಲದ ಒಡೆಯರು ಇನ್ನೊಬ್ಬರು. ಮಾರಬೇಕು, ಸಾಲ ತೆಗೆಯಬೇಕು ಅಂದಾಗ ಆ ಒಡೆಯರ ವಾರಸುದಾರರನ್ನು ಹುಡುಕಿಕೊಂಡು ಹೋಗಬೇಕು. ಆ ಗೇಣಿದಾರರಿಗೆ ಒಡೆತನ ಕೊಡಲು ಕರ್ನಾಟಕ 2011ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ನಿಮ್ಮ ಅಪ್ಪನಿಗೆ ಮೂಲಗೇಣಿ ಅಂದರೆ ಸಾಕು, ಉಳಿದದ್ದು ಅವರೇ ಊಹಿಸುತ್ತಾರೆ.

ಪೆನ್ಸಿಲ್ವೇನಿಯಾದಲ್ಲಿ ಏನು ಮಾಡಬಹುದು? ಬೇರೆ ರಾಜ್ಯಗಳು ಮಾಡಿ ತೋರಿಸಿವೆ. ಇಂಡಿಯಾನಾ 1971ರಲ್ಲಿ ಕಾನೂನು ಮಾಡಿತು: 20 ವರ್ಷ ಬಳಸದೆ ಬಿಟ್ಟ ಖನಿಜದ ಹಕ್ಕು ಮೇಲಿನ ನೆಲದವರಿಗೆ ಹೋಗುತ್ತದೆ. ಹಾಗೆ ಹೋಗಬಾರದು ಅಂದರೆ ಹಕ್ಕಿನ ಒಡೆಯ ಕೌಂಟಿ ಆಫೀಸಿನಲ್ಲಿ ಒಂದು ಕಾಗದ ದಾಖಲಿಸಿದರೆ ಸಾಕು. ಇದು ಸುಪ್ರೀಂ ಕೋರ್ಟಿಗೂ ಹೋಯಿತು, 1982ರಲ್ಲಿ ಗೆದ್ದಿತು. ಲೂಸಿಯಾನಾದಲ್ಲಿ ಅವಧಿ ಹತ್ತೇ ವರ್ಷ. ಮಿನೆಸೋಟಾ ಬೇರೆ ದಾರಿ ಹಿಡಿಯಿತು, ಇಂಥ ಹಕ್ಕನ್ನು ನೋಂದಾಯಿಸಿ ತೆರಿಗೆ ಕಟ್ಟಬೇಕು, ನೋಂದಾಯಿಸದಿದ್ದರೆ ರಾಜ್ಯಕ್ಕೆ. ಓಹಿಯೋ 1989ರಲ್ಲಿ ಕಾನೂನು ಮಾಡಿ 2006ರಲ್ಲಿ ತಿದ್ದಿತು. ಈಗ ಅಲ್ಲಿ ಮೇಲಿನವರು ಮೊದಲು ಅಡಿಯ ಒಡೆಯರಿಗೆ ಅಥವಾ ವಾರಸುದಾರರಿಗೆ ನೋಟಿಸ್ ಕಳಿಸಬೇಕು. ಸಿಗದಿದ್ದರೆ ಪತ್ರಿಕೆಯಲ್ಲಿ ಪ್ರಕಟಿಸಬೇಕು. 60 ದಿನದೊಳಗೆ ಯಾರೂ ಮುಂದೆ ಬರದಿದ್ದರೆ ಮಾತ್ರ ಮುಂದಿನ ಹೆಜ್ಜೆ.

ಪೆನ್ಸಿಲ್ವೇನಿಯಾದಲ್ಲಿ 2006ರಲ್ಲಿ ಒಂದು ಕಾನೂನು ಬಂತು. ಆದರೆ ಅದು ಪತ್ತೆ ಇಲ್ಲದ ಒಡೆಯರ ಪಾಲಿಗೆ ಕೋರ್ಟಿನ ಮೂಲಕ ಟ್ರಸ್ಟ್ ಮಾಡಿ ಹಣ ಇಡುವ ವ್ಯವಸ್ಥೆ. ಕೊರೆಯಲು ಅನುಕೂಲ ಆಯಿತು, ಮೇಲಿನ ನೆಲದವರಿಗೆ ಹಕ್ಕು ಬರಲಿಲ್ಲ. ಈ ರಾಜ್ಯಕ್ಕೆ ಓಹಿಯೋದಂಥ ಕಾನೂನು ಬೇಕು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ಅಡಿಯ ಒಡೆಯ ಇಪ್ಪತ್ತು ವರ್ಷಕ್ಕೊಮ್ಮೆಯಾದರೂ ತನ್ನ ಹೆಸರು ಹೇಳಲಿ. ಇದು ಈ ಮಣ್ಣಿಗೆ ಹೊಸದೂ ಅಲ್ಲ. ಬೇಸಾಯ ಇಲ್ಲದ ಕಾಡು ಜಮೀನಿನ ಒಡೆಯರು ತಮ್ಮ ಪಾಲನ್ನು ಕೌಂಟಿಗೆ ತಿಳಿಸಬೇಕು ಅಂತ 1806ರಲ್ಲೇ ಇಲ್ಲಿ ಕಾನೂನಿತ್ತು. ತಿಳಿಸದವರ ಅಡಿಯ ಹಕ್ಕು ತೆರಿಗೆ ಹರಾಜಿನಲ್ಲಿ ಮೇಲಿನದರ ಜೊತೆಗೇ ಹೋಗುತ್ತಿತ್ತು.

ನೋಟಿಸ್ ಇಲ್ಲದ ಕಾನೂನು ಮಾತ್ರ ಬೇಡ. ಇದನ್ನು ಒತ್ತಿ ಹೇಳಲು ಕಾರಣ ಇದೆ. ನಾನು ಈಗ ರಜೆಗೆ ಉಡುಪಿಗೆ ಬಂದಿದ್ದೇನೆ, ಅಮ್ಮನ ಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಇಲ್ಲಿಯ ಕುಟುಂಬದ ಜಾಗದಲ್ಲಿ ನನಗೂ ಪಾಲಿದೆ. ನನ್ನ ಹಾಗೆ ಮುಂಬೈಯಲ್ಲಿ, ದುಬೈಯಲ್ಲಿ ಇರುವ ಪಾಲುದಾರರೂ ಇದ್ದಾರೆ. ಇಲ್ಲಿ ದೂರ ಇರುವ ಒಡೆಯರು ನಾವೇ ಅಲ್ವಾ? ನಮಗೆ ಒಂದು ಮಾತು ತಿಳಿಸದೆ ಹಕ್ಕು ಹೋದರೆ ಅದು ಅನ್ಯಾಯ. ಅಪಲಾಚಿಯಾ ಅನ್ನುವ ಅಮೆರಿಕದ ಆ ಗುಡ್ಡಗಾಡಿನ ಎಷ್ಟೋ ಬಡ ಕುಟುಂಬಗಳಿಗೆ ನೆಲ ಹೋದ ಮೇಲೆ ಉಳಿದದ್ದು ಆ ಅಡಿಯ ಪಾಲು ಒಂದೇ. ಅವರನ್ನು ಕಂಪನಿಯ ಸಾಲಿನಲ್ಲಿ ನಿಲ್ಲಿಸಬಾರದು. ತಿಳಿಸಬೇಕು, ಕಾಯಬೇಕು. ಆಮೇಲೂ ಉತ್ತರ ಇಲ್ಲದಿದ್ದರೆ ಅಲ್ಲಿ ಬದುಕುವವರಿಗೆ ಬಿಡಬೇಕು.

ಕಾನೂನು ಬದಲಾಗುತ್ತದಾ ಅಂತ ನಿಮಗೆ ಅನ್ನಿಸಬಹುದು. ಕೆಂಟಕಿಯಲ್ಲಿ ಬದಲಾಯಿತು. ಅಲ್ಲಿ ಹಳೆ ಪತ್ರಗಳ ಬಲದಿಂದ ಕಂಪನಿಗಳು ಮೇಲಿನ ನೆಲವನ್ನೇ ಬಗೆದು ಕಲ್ಲಿದ್ದಲು ತೆಗೆಯುತ್ತಿದ್ದವು. ಪತ್ರ ಬರೆದ ಕಾಲದಲ್ಲಿ ಅಂಥ ಯಂತ್ರವೇ ಇರಲಿಲ್ಲ. 1965ರಲ್ಲಿ ಆಲಿ ಕೂಂಬ್ಸ್ ಅನ್ನುವ ವಿಧವೆ ತನ್ನ ಜಾಗದಲ್ಲಿ ಬುಲ್ಡೋಜರ್ ಎದುರು ಕೂತರು, ಪೊಲೀಸರು ಹೊತ್ತುಕೊಂಡು ಹೋದರು. 1988ರಲ್ಲಿ ಜನ ಭಾರೀ ಬಹುಮತದಿಂದ ರಾಜ್ಯದ ಸಂವಿಧಾನವನ್ನೇ ತಿದ್ದಿದರು. ಹಳೆ ಪತ್ರದಲ್ಲಿ ವಿಧಾನ ಬರೆದಿಲ್ಲದಿದ್ದರೆ, ಪತ್ರ ಆದ ಕಾಲದಲ್ಲಿ ಆ ಊರಿನಲ್ಲಿ ರೂಢಿಯಲ್ಲಿದ್ದ ವಿಧಾನದಲ್ಲೇ ತೆಗೆಯಬೇಕು.

ನೀವು ಇನ್ನೂ ಅಮೆರಿಕದ ಪೌರರಲ್ಲ, ವೋಟು ಇಲ್ಲ. ಆದರೆ ಟೌನ್‌ಶಿಪ್ (ನಮ್ಮ ಪಂಚಾಯತಿನ ಹಾಗೆ) ಸಭೆಯಲ್ಲಿ ಮಾತಾಡಲು ಪೌರತ್ವ ಬೇಡ. ಅಲ್ಲಿ ವಾಸ ಇದ್ದರೆ ಅಥವಾ ತೆರಿಗೆ ಕಟ್ಟುತ್ತಿದ್ದರೆ ಸಾಕು ಅಂತ ರಾಜ್ಯದ ಕಾನೂನೇ ಹೇಳುತ್ತದೆ. ಹೋಗಿ ಮಾರಾಯ್ರೆ, ಸಂಕೋಚ ಬೇಡ. ನಮ್ಮವರು ಹೆಚ್ಚಾಗಿ ಹೋಗುವುದಿಲ್ಲ, ಅದು ನನಗೆ ಬೇಸರ. ನೆರೆಯವರ ಪರಿಚಯ ನನಗೆ ಜಾಸ್ತಿ ಆದದ್ದು ಅಂಥ ಸಭೆಗಳಲ್ಲೇ.

ಮನೆಯ ವಿಷಯಕ್ಕೆ ನನ್ನ ಅಭಿಪ್ರಾಯ: ಈ ಒಂದು ಸೂಚನೆಗೆ ಹೆದರಿ ಬಿಡಬೇಡಿ, ಆದರೆ ನೋಡದೆ ಸಹಿ ಹಾಕಲೂ ಬೇಡಿ. ಸಾಮಾನ್ಯ ಟೈಟಲ್ ವಿಮೆ (ಒಡೆತನದ ದಾಖಲೆಗೆ ಮಾಡಿಸುವ ವಿಮೆ) ಅಡಿಯ ಹಕ್ಕನ್ನು ಹೊರಗಿಡುತ್ತದೆ, ಅದನ್ನು ನಂಬಿ ಕೂರಬೇಡಿ. ಖನಿಜದ ಪತ್ರ ಓದಿ ಗೊತ್ತಿರುವ ಆ ಊರಿನ ವಕೀಲರಿಂದಲೇ ಕೌಂಟಿಯ ದಾಖಲೆ ಹುಡುಕಿಸಿ. ನಿಮ್ಮ ಅಪ್ಪನ ಜೊತೆ ಕೂತು ಮಾತಾಡಲು ನಾನು ತಯಾರಿದ್ದೇನೆ, ಈ ತಿಂಗಳು ಕೊನೆಯವರೆಗೆ ಉಡುಪಿಯಲ್ಲೇ ಇರುತ್ತೇನೆ. ಮಾತಾಡುವ ಮೊದಲು ಈಗಿನ ಮಾರಾಟಗಾರರ ಪತ್ರದ ಪ್ರತಿ ಕಳಿಸಿ. ಅದರಲ್ಲಿ ಹಿಂದಿನ ಪತ್ರದ ಪುಸ್ತಕ ಮತ್ತು ಪುಟದ ಸಂಖ್ಯೆ ಇರುತ್ತದೆ, ಅದು ಓದಲು ಬರುವ ಹಾಗೆ ಸ್ಕ್ಯಾನ್ ಮಾಡಿ.