ಬಳ್ಳಿ ಸವರುವ ರೋಬೋ ನಮ್ಮ ಚಪ್ಪರಕ್ಕೆ ಬರುತ್ತಾ?

ಪ್ರಶ್ನೆ: ನಮ್ಮದು ಎರಡು ಎಕರೆ ದ್ರಾಕ್ಷಿ ಚಪ್ಪರ. ಅಕ್ಟೋಬರ್ ಬಂದರೆ ಬಳ್ಳಿ ಸವರಲು ಪಳಗಿದ ಆಳು ಸಿಗುವುದಿಲ್ಲ. ಕ್ಯಾಮೆರಾ ಇರುವ ರೋಬೋ ಈ ಕೆಲಸ ಮಾಡುತ್ತದಂತೆ, ನಿಜವೇ ಸರ್?
– ಓದುಗರೊಬ್ಬರು, ಹಿರಿಯೂರು ತಾಲ್ಲೂಕು

ಉತ್ತರ: ನಿಜ. ನ್ಯೂಜಿಲೆಂಡಿನ ಕ್ಯಾಂಟರ್‌ಬರಿ ವಿಶ್ವವಿದ್ಯಾಲಯದವರು ಕಟ್ಟಿದ ಅಂಥ ಯಂತ್ರದ ವಿವರ 2017ರಲ್ಲಿ ಪ್ರಕಟವಾಯಿತು. ಬಳ್ಳಿಸಾಲಿನ ಎರಡೂ ಬದಿಗೆ ಕಾಲಿಟ್ಟು ಸಾಗುವ ಗಾಡಿ. ಒಳಗೆ ಮೂರು ಕ್ಯಾಮೆರಾ. ಯಾವ ಕಡ್ಡಿ ಎಲ್ಲಿಂದ ಹೊರಟಿದೆ ಅಂತ ಕಂಪ್ಯೂಟರ್ ನಕ್ಷೆ ಮಾಡಿ, ಯಾವುದನ್ನು ತೆಗೆಯಬೇಕೆಂದು ತೀರ್ಮಾನಿಸುತ್ತದೆ. ಯಂತ್ರದ ಕೈ ಕತ್ತರಿಸುತ್ತದೆ. ಒಂದು ಬಳ್ಳಿಗೆ ಸುಮಾರು ಎರಡು ನಿಮಿಷ.

ಕಷ್ಟ ಇರುವುದು ಕಡ್ಡಿಗಳು ಒಂದರ ಮೇಲೊಂದು ಹಾದಲ್ಲಿ. ಆಚೆ ಕಾಣುವ ತುದಿ ಯಾವ ಕಡ್ಡಿಯದು? ನೀವು ಬೆರಳಲ್ಲಿ ಸರಿಸಿ ನೋಡುತ್ತೀರಿ, ಕ್ಯಾಮೆರಾ ಊಹಿಸಬೇಕು. ನ್ಯೂಜಿಲೆಂಡಿನಲ್ಲಿ ಚಳಿಗೆ ಎಲೆಯೆಲ್ಲ ಉದುರಿ ಬಳ್ಳಿ ಬೋಳಾಗಿರುತ್ತದೆ, ಸಾಲು ಗೋಡೆಯಂತೆ ನೆಟ್ಟಗೆ. ನಿಮ್ಮದು ತಲೆಮೇಲಿನ ಚಪ್ಪರ, ಅಲ್ವಾ? ಆ ಗಾಡಿ ಅದನ್ನು ದಾಟಿ ನಿಲ್ಲಲಾರದು. ಕೆಳಗಿಂದ ನೋಡಿದರೆ ಆಕಾಶದ ಬೆಳಕು ಕಣ್ಣಿಗೆ ಹೊಡೆಯುತ್ತದೆ, ಉಳಿದ ಎಲೆ ಕಡ್ಡಿಯನ್ನು ಮುಚ್ಚುತ್ತದೆ.

ಸುಮ್ನೆ ಕಾಯಬೇಡಿ. ಈ ಸಲ ಅನುಭವಸ್ಥರೊಬ್ಬರು ಕತ್ತರಿಸಬೇಕಾದ ಜಾಗಕ್ಕೆ ಬಣ್ಣ ಹಚ್ಚುತ್ತಾ ಹೋಗಲಿ, ಹೊಸಬರು ಹಿಂದೆಯೇ ಕತ್ತರಿಸಲಿ. ಊರಿನ ಹೆಣ್ಣುಮಕ್ಕಳು ಇದನ್ನು ಬೇಗ ಕಲಿಯುತ್ತಾರೆ. ಕೂಲಿ ಮಾತ್ರ ಕಡಿಮೆ ಕೊಡಬೇಡಿ.